ಮಿಷನ್ ಮೂಲೆಗಿಡೋ ಮೊದಲು

ಅಡಿಕೆ ಹಣ್ಣಾಗಿ ಉದುರೋಕೆ ಶುರುವಾಗೋ ಮೊದಲೇ ತೋಟದ ಕಳೆ ಹೊಡೆದು ಮುಗಿಸಬೇಕು. ಇಲ್ಲದಿದ್ದರೆ ಉದುರಿದ್ದೆಲ್ಲ ಹುಲ್ಲಿನಡಿ ಸೇರಿ ಕೈಗೆ ಸಿಗಲ್ಲ. ಸರಿಯಾಗಿ ಅದೇ ಹೊತ್ತಿಗೆ ಪೇಟೆಯ ರಿಪೇರಿ ಅಂಗಡಿ ಮುಂದೆ ವೀಡ್ ಕಟರ್‌ಗಳು ಸಾಲಾಗಿ ಮಲಗಿರುತ್ತವೆ. ಎಲ್ಲರ ದೂರೂ ಒಂದೇ: "ಇಡುವಾಗ ಚೆನ್ನಾಗೇ ಇತ್ತು ಮಾರಾಯ್ರೆ, ಈಗ ಹಗ್ಗ ಎಳೆದೂ ಎಳೆದೂ ತೋಳು ಬಿದ್ದುಹೋಯ್ತು." ಬಾಡಿಗೆಗೆ ಕಳೆ ಹೊಡೆಯೋರೂ ಆ ವಾರ ಸಿಗಲ್ಲ, ಅವರಿಗೆ ಹತ್ತು ಮನೆ ಕೆಲಸ ಇರುತ್ತೆ.

ನಮ್ಮ ಮನೆ ಮಿಷನ್‌ಗೆ ಈಗ ಒಂಬತ್ತು ವರ್ಷ. ನಾನು ಗಮನಿಸಿದ ಹಾಗೆ ಈ ಸಣ್ಣ ಇಂಜಿನ್ ದುಡಿದು ಕೆಡೋದಕ್ಕಿಂತ ಕೂತು ಕೆಡೋದೇ ಹೆಚ್ಚು. ಕಾರಣ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು.

ಈಗ ಬಂಕಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ. ಅದಕ್ಕೆ ಗಾಳಿಯ ತೇವ ಎಳೆದುಕೊಳ್ಳೋ ಗುಣ. ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ? ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಪೆಟ್ರೋಲ್ ಎಳೆಯೋ ಪೈಪಿನ ತುದಿ ಇರೋದೂ ತಳದಲ್ಲೇ. ಟು ಸ್ಟ್ರೋಕ್ ಆದರೆ ಇನ್ನೂ ಕಷ್ಟ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿದು, ಇಂಜಿನ್‌ಗೆ ಎಣ್ಣೆಯ ಪಸೆ ಇಲ್ಲದ ನೀರುಪೆಟ್ರೋಲು ಹೋಗುತ್ತೆ. ಹಗ್ಗ ಎಳೆದೂ ಎಳೆದೂ ಹೇಗೋ ಸ್ಟಾರ್ಟ್ ಆದರೂ ಪಿಸ್ಟನ್ ಕಚ್ಚಿಕೊಳ್ಳಬಹುದು. ಇನ್ನು ಕಾರ್ಬೊರೇಟರ್‌ನಲ್ಲಿ ಉಳಿದದ್ದು ಆರಿ ಅಂಟಾಗಿ, ಸೂಜಿ ಮೊನೆಯಷ್ಟು ದಾರಿಯನ್ನೂ ಮುಚ್ಚುತ್ತೆ.

ಅದಕ್ಕೇ ಕೊನೇ ದಿನ ನಾನು ಮಾಡೋದು ಇಷ್ಟು. ಇಂಜಿನ್ ಪೂರ್ತಿ ತಣಿದ ಮೇಲೆ, ಬೆಂಕಿಯಿಂದ ದೂರ ಕೂತು ಟ್ಯಾಂಕ್ ಖಾಲಿ ಮಾಡ್ತೀನಿ. ಎಣ್ಣೆ ಬೆರೆಸದ ಪೆಟ್ರೋಲ್ ಆದರೆ ಬೈಕಿಗೆ ಹಾಕಿ ಮುಗಿಸಬಹುದು. ಆಮೇಲೆ ಮಿಷನ್ ಸ್ಟಾರ್ಟ್ ಮಾಡಿ, ತಾನಾಗೇ ನಿಲ್ಲೋವರೆಗೆ ಬಿಡ್ತೀನಿ. ಕಾರ್ಬೊರೇಟರ್‌ನಲ್ಲಿ ಇದ್ದದ್ದೂ ಆಗ ಖಾಲಿ.

ಮತ್ತೆ ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಕಪ್ಪಾಗಿ ಒದ್ದೆಯಿದ್ದರೆ ಏರ್ ಫಿಲ್ಟರ್ ಕಟ್ಟಿದೆಯೋ, ಆಯಿಲ್ ಹೆಚ್ಚಾಗಿದೆಯೋ ನೋಡಬೇಕು. ಪ್ಲಗ್ ತುದಿಯ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಪ್ಲಗ್ ತೂತಿಗೆ ನಾಲ್ಕು ಹನಿ ಇಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ನಿಧಾನಕ್ಕೆ ಎರಡು ಸಲ ಎಳೆದು ಪ್ಲಗ್ ಹಾಕಿ. ಒಳಗೆ ತುಕ್ಕು ಹಿಡಿಯಲ್ಲ.

ಏರ್ ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಕಾಗದದ್ದಾದರೆ ತೊಳೆಯಬೇಡಿ, ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಹಾಳಾಗಿದ್ದರೆ ಬದಲಾಯಿಸಿ. ಸಿಲಿಂಡರಿನ ಸುತ್ತ ಇರೋ ರೆಕ್ಕೆಗಳ ಸಂದಿನಲ್ಲಿ ಹುಲ್ಲಿನ ಪುಡಿ ಮೆತ್ತಿರುತ್ತೆ. ಇಂಜಿನ್ ತಂಪಾಗೋದು ಆ ಸಂದಿನ ಗಾಳಿಯಿಂದ. ಹಳೇ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ.

ಫೋರ್ ಸ್ಟ್ರೋಕ್ ಮಿಷನ್ ಇದ್ದವರು ಆಯಿಲ್ ಮರೀಬೇಡಿ. 35 ಸಿಸಿ ಇಂಜಿನ್‌ಗೆ ಹಿಡಿಯೋದು ಬರೀ 100 ಮಿಲಿ. ಅದರಲ್ಲಿ 30 ಮಿಲಿ ಕಡಿಮೆಯಾದರೂ ಮೂರನೇ ಒಂದು ಪಾಲು ಹೋದ ಹಾಗೆ. ಹೊಸ ಮಿಷನ್‌ಗೆ ಮೊದಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಬದಲಾಯಿಸೋದು ವಾಡಿಕೆ. ಓಡಿದ ಗಂಟೆಯನ್ನು ನಾನು ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಡ್ತೀನಿ.

ಟು ಸ್ಟ್ರೋಕ್‌ನವರು ಅಂದಾಜಿಗೆ ಎಣ್ಣೆ ಸುರಿಯೋದು ಬೇಡ. 50:1 ಅಂದರೆ ಲೀಟರಿಗೆ 20 ಮಿಲಿ, 25:1 ಅಂದರೆ 40 ಮಿಲಿ. ಮೆಡಿಕಲ್ ಶಾಪಿನ 20 ಮಿಲಿ ಸಿರಿಂಜ್ ಒಂದು ತಂದಿಟ್ಟರೆ ಅಳತೆ ತಪ್ಪಲ್ಲ. ಎರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ. ತಿಂಗಳು ದಾಟಿದ್ದನ್ನು ಹಾಕಬೇಡಿ. ನಿಮ್ಮ ಮಿಷನ್ ಪುಸ್ತಕದಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ಸರಿ.

ಕೊನೆಗೊಂದು ಮಾತು. ಬೆಚ್ಚಗಿರತ್ತೆ ಅಂತ ಬಚ್ಚಲೊಲೆ ಹತ್ತಿರ ಮಿಷನ್ ಇಡಬೇಡಿ. ಟ್ಯಾಂಕ್ ಖಾಲಿಯಿದ್ದರೂ ಪೆಟ್ರೋಲಿನ ಆವಿ ಉಳಿದಿರುತ್ತೆ. ಗಾಳಿಯಾಡೋ ಕಡೆ, ನೆಲದಿಂದ ಮೇಲೆ ನೇತುಹಾಕಿ. ಇದಕ್ಕೆಲ್ಲ ಸೇರಿ ಒಂದು ಗಂಟೆಯೂ ಬೇಡ. ಅಂಗಡಿ ಸಾಲಿನಲ್ಲಿ ಕಾಯೋಕೆ ಮೂರು ದಿನ ಬೇಕು, ಅಡಿಕೆ ಅಷ್ಟು ದಿನ ಕಾಯಲ್ಲ.