ಗದ್ದಲದೊಳಗೊಂದು ಕಥೆ

ಮಾಟುಂಗದ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಗನ ರಾಕ್ ಸಂಗೀತ ಮೊಳಗಿತೆಂದರೆ ನಾವು ದಂಪತಿಗಳು ಕಿವಿ ಮುಚ್ಚಿಕೊಳ್ಳುವುದು ವಾಡಿಕೆ. ಒಂದು ದಿನ, “ಇದೆಂಥ ಗದ್ದಲವೋ!” ಎಂದು ಗದರಿಯೂ ಬಿಟ್ಟೆವು. ಅವನು ಮರುಮಾತಾಡದೆ ದಪ್ಪ ಪುಸ್ತಕವೊಂದನ್ನು ತಂದು ನಮ್ಮ ಮುಂದಿಟ್ಟ. ಟೋಲ್ಕಿನ್ ಎಂಬ ಆಂಗ್ಲ ಪ್ರಾಧ್ಯಾಪಕರು ಬರೆದು, 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅದು. ಲೆಡ್ ಜೆಪೆಲಿನ್ ತಂಡದ 1969ರ ‘ರ‍್ಯಾಂಬಲ್ ಆನ್’ ಹಾಡಿನಲ್ಲಿ ಆ ಕಥೆಯ ಮಾರ್ಡಾರ್ ನಾಡೂ ಗಾಲಮನೂ ಬರುತ್ತಾರೆ. ರಷ್ ತಂಡದ 1975ರ ಹಾಡೊಂದರ ಹೆಸರೇ ‘ರಿವೆಂಡೆಲ್’, ಅದೇ ಕಥೆಯ ಒಂದು ಕಣಿವೆ. ಓದಿದ ಪುಸ್ತಕ ಆ ತರುಣರನ್ನು ಬಿಟ್ಟಿರಲಿಲ್ಲ!

ನಮಗೆ ಊರು ನೆನಪಾಯಿತು. ಬುಡ್ಡಿದೀಪದ ಬೆಳಕಿನಲ್ಲಿ ಚಂದಮಾಮದ ಬೇತಾಳನ ಕಥೆ ಓದಿ, ಹಿತ್ತಲಿನ ಹುಣಿಸೆಮರದತ್ತ ಹೋಗಲು ಹೆದರಿದವರು ನಾವೇ ಅಲ್ಲವೇ? ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ತಪ್ಪು ನಮ್ಮದು. ಆ ರಾತ್ರಿ ಹಳೆಯ ಸಂಚಿಕೆಯೊಂದನ್ನು ತೆಗೆದು ಓದಿ ಹೇಳಿದೆವು. ಬೇತಾಳ ಮತ್ತೆ ಮರವೇರಿದಾಗ, “ಮುಂದೇನಪ್ಪಾ?” ಎಂದ.

“ಮುಂದಿನದನ್ನು ನೀನೇ ಓದಬೇಕು” ಎಂದೆವು.

ಈಗ ದಿನಕ್ಕೊಂದು ಪುಟ ಅಕ್ಷರ ತಿದ್ದುತ್ತಿದ್ದಾನೆ. ಗದ್ದಲ ಮಾತ್ರ ನಿಂತಿಲ್ಲ. ನಾವೂ ಕಿವಿ ಮುಚ್ಚಿಕೊಳ್ಳುತ್ತಿಲ್ಲ.