ತೊಟ್ಟಿಲಿನ ಖರ್ಚು ಯಾರದು?

ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನೇ ತಿದ್ದಿದ ಆಯ್ದಕ್ಕಿ ಲಕ್ಕಮ್ಮ ನಡೆದಾಡಿದ ನೆಲ ನಮ್ಮ ಬಸವಕಲ್ಯಾಣ. ಕಾಯಕದಲ್ಲಿ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ಕಲಿತ ಈ ಸೀಮೆಯಲ್ಲಿ, ಇಂದು ತಾಯ್ತನವೇ ಹೆಣ್ಣಿನ ಕಾಯಕಕ್ಕೆ ಅಡ್ಡಿಯಾಗಬೇಕೆ?

ನನ್ನ ತಂಗಿ ಪಕ್ಕದ ಹುಮನಾಬಾದಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಳು. ಕೆಲಸದವರು ಒಟ್ಟು ಆರು ಮಂದಿ. ಹೆರಿಗೆಗೆಂದು ಬಂದ ದಿನವೇ ಸಂಬಳ ನಿಂತಿತು. ಕೂಸಿಗೆ ಎಂಟು ತಿಂಗಳು ತುಂಬಿದ ಮೇಲೆ ಹೋಗಿ ನೋಡಿದರೆ ಅವಳ ಜಾಗದಲ್ಲಿ ಬೇರೊಬ್ಬರಿದ್ದರು. ಕಡಿಮೆ ಸಂಬಳಕ್ಕೆ ಇನ್ನೊಂದೆಡೆ ಸೇರಿದಳು.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲೆರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರಗಳಿಂದ 26 ವಾರಗಳಿಗೇರಿತು. ಸಂತೋಷವೇ. ಆದರೆ ಹತ್ತು ಮಂದಿಗಿಂತ ಕಡಿಮೆಯಿರುವ ಅಂಗಡಿಗೆ ಅದು ಅನ್ವಯಿಸದು. ಅನ್ವಯಿಸುವ ಕಡೆಯಲ್ಲಿಯೂ, ಕಾರ್ಮಿಕರ ರಾಜ್ಯವಿಮೆ ಇಲ್ಲದಿದ್ದರೆ, ರಜೆಯ ಸಂಬಳವೆಲ್ಲ ಮಾಲೀಕನ ಕೈಯಿಂದಲೇ ಹೋಗಬೇಕು. ಹೀಗಾಗಿ ಹೊಸದಾಗಿ ಮದುವೆಯಾದವಳನ್ನು ಸೇರಿಸಿಕೊಳ್ಳಲು ಆತ ಹಿಂದೆಮುಂದೆ ನೋಡುತ್ತಾನೆ. ಕಾಯಲೆಂದು ಹಾಕಿದ ಬೇಲಿ ಬಾಗಿಲನ್ನೇ ಮುಚ್ಚಿದಂತಾಯಿತು!

ಹಳ್ಳಿಯ ದುಡಿಯುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಸಾರಿತು. ಅಂಥ ಮನೆ ಪೇಟೆಯ ಅಂಗಡಿಬೀದಿಗೂ ಬೇಕು. ರಜೆಯ ಸಂಬಳದ ಹೊರೆಯೂ ಎಲ್ಲರ ಹೆಗಲಿಗೆ ಹಂಚಿಕೆಯಾಗಬೇಕು. ಬೆಳೆದ ಮಗು ನಾಡಿಗೆಲ್ಲ ಆಗುವುದಾದರೆ, ಅದನ್ನು ಬೆಳೆಸುವ ಖರ್ಚನ್ನು ತಾಯಿಯೊಬ್ಬಳ ಸಂಬಳದಿಂದಲೇ ಏಕೆ ಮುರಿದುಕೊಳ್ಳಬೇಕು?