ಹೇಳಬೇಕಾದ್ದನ್ನ ಹೇಳೋದು...

ಕೆಲಸ ಬೆಂಗಳೂರಲ್ಲಿ, ಸಾಫ್ಟ್‌ವೇರ್. ಊರು ಹೊನ್ನಾಳಿ. ಹುಚ್ಚು ಕ್ಯಾಮೆರಾದ್ದು. ಊರಿಗೆ ಹೋದಾಗಲೆಲ್ಲ ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯ ಇದೇ ಹುಚ್ಚಿನ ನಾಲ್ಕೈದು ಜನ ನಮ್ಮನೆಯಲ್ಲಿ ಸೇರಿ, ತೆಗೆದ ಫೋಟೋಗಳನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ನೋಡ್ತೀವಿ.

ಹೋದ ವರ್ಷ ನ್ಯಾಮತಿಯ ಮೇಷ್ಟ್ರೊಬ್ಬರು ಚನ್ನಗಿರಿಯ ಸೂಳೆಕೆರೆ ಹತ್ತಿರ ತೆಗೆದ ಪಿಕಳಾರದ ಗೂಡಿನ ಫೋಟೋ ತೋರಿಸಿದ್ರು. ಬಾಯಿ ತೆರೆದುಕೊಂಡು ಕೂತ ಮೂರು ಮರಿ. ಎಲ್ಲರೂ "ಆಹಾ" ಅಂದ್ರು. ನನಗೆ ಕಂಡಿದ್ದು ಗೂಡಿನ ಮುಂದೆ ಎಲೆ ಕಿತ್ತ ತೊಟ್ಟುಗಳು. ಎಲೆ ಮರೆ ಹೋದ್ರೆ ಮರಿಗಳಿಗೆ ಬಿಸಿಲು, ಕಾಗೆ ಕಣ್ಣಿಗೂ ಬೀಳ್ತಾವೆ. ಹೇಳಲೇಬೇಕಾದ ಮಾತೇ. ಆದ್ರೆ ನಾನು ಹೇಳಿದ್ದು ಹೀಗೆ: "ಒಂದು ಫೋಟೋಗೋಸ್ಕರ ಮರಿ ಸಾಯಿಸ್ತೀರಲ್ಲ ಸಾರ್, ಶಾಲೆಯಲ್ಲಿ ಮಕ್ಕಳಿಗೆ ಏನು ಪಾಠ ಮಾಡ್ತೀರಿ?"

ಮೇಷ್ಟ್ರು ಏನೂ ಅನ್ನಲಿಲ್ಲ. ಅಮ್ಮ ಕೊಟ್ಟ ಟೀ ಕುಡಿದು ಬಸ್ ಹತ್ತಿದ್ರು. ಆಮೇಲೆ ಬರಲೇ ಇಲ್ಲ. ನಾನೋ, ಇದ್ದದ್ದು ಇದ್ದಂಗೆ ಹೇಳಿದೆ ಅಂತ ಬೀಗುತ್ತಿದ್ದೆ.

ಮೊನ್ನೆ ನನ್ನ ಸರದಿ ಬಂತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಂಚಲ್ಲಿ ತೆಗೆದ ಫೋಟೋ ತೋರಿಸಿ "ಹೆಣ್ಣು ಕೃಷ್ಣಮೃಗ" ಅಂತ ಘೋಷಿಸಿದೆ. ಜಗಳೂರಿನ ಹಿರಿಯರೊಬ್ಬರು ಕನ್ನಡಕ ಏರಿಸಿದ್ರು.

"ಬೆಳಕು ಭಾಳ ಚೆನ್ನಾಗ್ ಹಿಡ್ದೀರಿ. ಒಂದೇ ಇತ್ತಾ, ಹಿಂಡಿತ್ತಾ?"

"ಒಂದೇ."

"ಬಯಲಲ್ಲೋ, ಪೊದೆ ಹತ್ರನೋ?"

"ಪೊದೆ ಹತ್ರ."

"ಹಂಗಾದ್ರೆ ಮುಂಗಾಲು ಒಂಚೂರು ದೊಡ್ಡದು ಮಾಡ್ರಿ, ನೋಡಾಣ."

ಮಾಡಿದೆ. ಕಾಲಿನುದ್ದಕ್ಕೂ ಕಪ್ಪು ಗೆರೆ! ಅದು ಕೊಂಡುಕುರಿ. ನಾಲ್ಕು ಕೊಂಬಿರೋದು ಗಂಡಿಗೆ ಮಾತ್ರ, ಹೆಣ್ಣಿಗೆ ಕೊಂಬೇ ಇಲ್ಲ. 2011ರಲ್ಲಿ ಆ ಕಾಡನ್ನ ವನ್ಯಧಾಮ ಮಾಡಿದ್ದೇ ಈ ಪ್ರಾಣಿಗಾಗಿ. ಅದನ್ನೇ ನಾನು ಗುರುತಿಸಿರಲಿಲ್ಲ :-)

ಅವರು ನನ್ನ ತಪ್ಪನ್ನ ಮುಚ್ಚಿಡಲಿಲ್ಲ. ಆದ್ರೆ ಮಾತಾಡಿದ್ದು ಫೋಟೋ ಬಗ್ಗೆ, ನನ್ನ ಬಗ್ಗೆ ಅಲ್ಲ. ತಪ್ಪು ಕಂಡುಹಿಡಿಯೋ ಅವಕಾಶವನ್ನೂ ನನಗೇ ಬಿಟ್ಟರು. ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡುವಾಗ ಹೊಸಬರಿಗೆ ನಾನೇ ಹೇಳ್ತಿರ್ತೀನಿ, "ಕೋಡ್ ಬಗ್ಗೆ ಹೇಳು, ಬರೆದವನ ಬಗ್ಗೆ ಅಲ್ಲ" ಅಂತ. ಮೇಷ್ಟ್ರ ಮುಂದೆ ಆ ಬುದ್ಧಿ ಎಲ್ಲಿ ಹೋಗಿತ್ತೋ...

ಎಲೆ ಕೀಳಬಾರದು ಅನ್ನೋ ಮಾತು ಅವರಿಗೆ ತಲುಪಲೇ ಇಲ್ಲವೇನೋ. ತಲುಪಿದ್ದು ನನ್ನ ಕೊಂಕು ಮಾತ್ರ. ಹಾಗಾದ್ರೆ ಆ ಮರಿಗಳಿಗಾದರೂ ನನ್ನಿಂದ ಏನು ಉಪಯೋಗ ಆಯ್ತು?

ಈ ಭಾನುವಾರ ನ್ಯಾಮತಿಗೆ ಹೋಗ್ತಿದೀನಿ. ಗೂಡಿನ ವಿಷಯ ಮತ್ತೆ ಎತ್ತಬೇಕು. ಮೊದಲು ಕ್ಷಮೆ ಕೇಳಬೇಕು.